ಬಣ್ಣದ ಮೀನಿನ ತೊಟ್ಟಿ: ನೀರಿನ ಗುಣವೂ ಸೀಸೆಯ ಔಷಧಿಗಳೂ

ಕಳೆದ ಬೇಸಿಗೆಯಲ್ಲಿ ರೈತರೊಬ್ಬರು ಕೈಚೀಲದಲ್ಲಿ ಐದು ಸೀಸೆಗಳನ್ನು ತುಂಬಿಕೊಂಡು ನಮ್ಮಲ್ಲಿಗೆ ಬಂದಿದ್ದರು. ಅವರದು ಎರಡು ಎಕರೆ ಹಿಪ್ಪುನೇರಳೆ, ನೀರಿಗೆ ಕೊಳವೆ ಬಾವಿ. ಮಗನ ಆಸೆಯಂತೆ ಮನೆಯೊಳಗೆ ಮೂರು ಅಡಿಯ ಒಂದು ಗಾಜಿನ ತೊಟ್ಟಿ ಇಟ್ಟು, ಅದು ಕೈಹಿಡಿದರೆ ಹಿತ್ತಲಲ್ಲಿ ಸಿಮೆಂಟು ತೊಟ್ಟಿ ಕಟ್ಟಿ ಮೋಲಿ, ಗಪ್ಪಿ ಮರಿ ಮಾಡಿ ಪೇಟೆಯ ಅಂಗಡಿಗೆ ಕೊಡಬೇಕೆಂಬ ಯೋಚನೆ. ತೊಟ್ಟಿ ತುಂಬಿಸಿದ ದಿನವೇ ಅರವತ್ತು ಮೀನು ತಂದು ಬಿಟ್ಟರು. ಐದನೆಯ ದಿನದಿಂದ ಮೀನು ಮೇಲೆ ಬಂದು ಬಾಯಿ ಬಿಡತೊಡಗಿದವು. ಹತ್ತನೆಯ ದಿನಕ್ಕೆ ಉಳಿದದ್ದು ಒಂಬತ್ತು.

ಸೀಸೆಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ನೋಡಿದೆವು. ಒಂದು ಕ್ಲೋರಿನ್ ತೆಗೆಯುವುದಕ್ಕೆ. ಆದರೆ ಅವರ ಕೊಳವೆ ಬಾವಿಯ ನೀರಿನಲ್ಲಿ ಕ್ಲೋರಿನ್ ಎಂಬುದೇ ಇರಲಿಲ್ಲ. ಇನ್ನೊಂದು ರಸಸಾರ ಇಳಿಸುವುದಕ್ಕೆ. ಮೂರನೆಯದು ಬಿಳಿ ಚುಕ್ಕೆ ರೋಗಕ್ಕೆ. ಮೀನುಗಳಿಗೆ ಆ ರೋಗ ಬಂದಿರಲಿಲ್ಲ. ನಾಲ್ಕನೆಯದು ರೋಗಾಣುನಾಶಕ. ಐದನೆಯದು ‘ಒಳ್ಳೆಯ ಬ್ಯಾಕ್ಟೀರಿಯ’ ತುಂಬಿದ ಸೀಸೆ. ನಾಲ್ಕನೆಯದನ್ನು ಹಾಕಿದ ಮರುದಿನವೇ ಇದನ್ನೂ ಹಾಕಿದ್ದರು. ಐದು ಸೀಸೆಗಳ ಬೆಲೆ ಅರವತ್ತು ಮೀನಿನ ಬೆಲೆಗಿಂತ ಹೆಚ್ಚಾಗಿತ್ತು. ಮೀನು ಸತ್ತದ್ದು ರೋಗದಿಂದಲ್ಲ, ತಮ್ಮದೇ ಮಲಮೂತ್ರದ ಅಮೋನಿಯದಿಂದ.

ಇಂತಹ ನಷ್ಟ ಈ ಕಸುಬಿಗೆ ಹೊಸದಾಗಿ ಇಳಿಯುವವರಲ್ಲಿ ಬಹಳ ಮಂದಿಗೆ ಆಗುತ್ತದೆ. ಆದುದರಿಂದ ಬಣ್ಣದ ಮೀನು ಸಾಕುವವರು ನೀರಿನ ವಿಷಯದಲ್ಲಿ ತಿಳಿದಿರಬೇಕಾದ ಸಂಗತಿಗಳನ್ನೂ, ಯಾವ ರಾಸಾಯನಿಕವನ್ನು ಯಾವಾಗ ಎಷ್ಟು ಬಳಸಬೇಕೆಂಬುದನ್ನೂ ಇಲ್ಲಿ ವಿವರಿಸಲಾಗಿದೆ. ಗಾಜಿನ ತೊಟ್ಟಿಗೆ ಹೇಳಿದ್ದು ಸಿಮೆಂಟು ತೊಟ್ಟಿಗೂ ಅನ್ವಯಿಸುತ್ತದೆ.

ಮೊದಲು ಲೀಟರ್ ಲೆಕ್ಕ

ತೊಟ್ಟಿಯಲ್ಲಿ ಎಷ್ಟು ಲೀಟರ್ ನೀರಿದೆ ಎಂದು ಕೇಳಿದರೆ ಹೆಚ್ಚಿನವರು ‘ಮೂರು ಅಡಿ ತೊಟ್ಟಿ’ ಎನ್ನುತ್ತಾರೆ. ಬೆಳೆಗೆ ಔಷಧಿ ಹೊಡೆಯುವಾಗ ಎಕರೆ ಲೆಕ್ಕ ಎಷ್ಟು ಮುಖ್ಯವೋ ಇಲ್ಲಿ ಲೀಟರ್ ಲೆಕ್ಕ ಅಷ್ಟೇ ಮುಖ್ಯ. ಉದ್ದ, ಅಗಲ ಮತ್ತು ನೀರು ನಿಂತಿರುವ ಎತ್ತರವನ್ನು ಸೆಂಟಿಮೀಟರಿನಲ್ಲಿ ಅಳೆದು ಗುಣಿಸಿ 1,000ದಿಂದ ಭಾಗಿಸಬೇಕು. ಉದ್ದ 90, ಅಗಲ 45, ನೀರಿನ ಎತ್ತರ 40 ಸೆಂ.ಮೀ. ಇದ್ದರೆ 162 ಲೀಟರ್. ತಳದ ಜಲ್ಲಿ, ಕಲ್ಲುಗಳ ಜಾಗ ಕಳೆದರೆ ಸುಮಾರು 150 ಲೀಟರ್ ನೀರು. ಮುಂದಿನ ಲೆಕ್ಕಗಳನ್ನೆಲ್ಲ ಈ 150 ಲೀಟರ್ ತೊಟ್ಟಿಗೆ ಕೊಡಲಾಗಿದೆ. ಒಂದು ಲೀಟರಿನಲ್ಲಿ ಒಂದು ಮಿಲಿಗ್ರಾಂ ಎಂದರೆ ಹತ್ತು ಲಕ್ಷ ಭಾಗದಲ್ಲಿ ಒಂದು ಭಾಗ. ಇಷ್ಟು ಸಣ್ಣ ಪ್ರಮಾಣವನ್ನು ಚಿಟಿಕೆಯಿಂದ ಅಳೆಯಲು ಸಾಧ್ಯವಿಲ್ಲ. ಒಂದು ಗ್ರಾಂವರೆಗೆ ತೂಗುವ ಸಣ್ಣ ತಕ್ಕಡಿಯನ್ನೂ ಸೂಜಿ ತೆಗೆದ 10 ಮಿಲಿಲೀಟರಿನ ಸಿರಿಂಜನ್ನೂ ಇಟ್ಟುಕೊಳ್ಳುವುದು ಅವಶ್ಯ.

ನೀರು ಎಲ್ಲಿಂದ ಬಂತು?

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗದ ಕಡೆ ಆಳದ ಕೊಳವೆ ಬಾವಿಗಳ ನೀರು ಸಾಮಾನ್ಯವಾಗಿ ಗಡಸು. ಬಂಡೆಯ ಸಂದುಗಳಲ್ಲಿ ಬಹುಕಾಲ ನಿಂತು ಸುಣ್ಣ, ಮೆಗ್ನೀಸಿಯಂ ಮತ್ತು ಬೈಕಾರ್ಬೊನೇಟ್ ಲವಣಗಳನ್ನು ಕರಗಿಸಿಕೊಂಡು ಬಂದ ನೀರು ಅದು. ಮೋಲಿ, ಗಪ್ಪಿ, ಪ್ಲ್ಯಾಟಿ, ಸ್ವೋರ್ಡ್‌ಟೇಲ್ ಮೊದಲಾದ ಮರಿ ಹಾಕುವ ಜಾತಿಗಳಿಗೆ ಇಂತಹ ನೀರು ಹೇಳಿಮಾಡಿಸಿದಂತಿರುತ್ತದೆ. ಗೋಲ್ಡ್ ಫಿಶ್ ಕೂಡ ಚೆನ್ನಾಗಿ ಬೆಳೆಯುತ್ತದೆ. ಇದೇ ನೀರಿನಲ್ಲಿ ನಿಯಾನ್ ಟೆಟ್ರಾ ಅಥವಾ ಡಿಸ್ಕಸ್ ಮರಿ ಮಾಡಿಸಲು ಹೊರಟರೆ ಸೀಸೆಗೆ ಹಣ ಸುರಿಯಬೇಕಾಗುತ್ತದೆ. ಮಲೆನಾಡು ಮತ್ತು ಕರಾವಳಿಯ ಮುರಕಲ್ಲಿನ ನೆಲದಲ್ಲಿ ತೋಡಿದ ತೆರೆದ ಬಾವಿಗಳ ನೀರು ಇದಕ್ಕೆ ತೀರ ವಿರುದ್ಧ. ಮೆದು, ಸ್ವಲ್ಪ ಹುಳಿ. ಅಲ್ಲಿಯವರಿಗೆ ಟೆಟ್ರಾ, ಫೈಟರ್ ಜಾತಿಗಳು ಸುಲಭ. ಮಣ್ಣಿಗೆ ತಕ್ಕ ಬೆಳೆ ಆರಿಸುವಂತೆ ನೀರಿಗೆ ತಕ್ಕ ಮೀನು ಆರಿಸಿದರೆ ಅರ್ಧ ರಾಸಾಯನಿಕಗಳ ಅವಶ್ಯಕತೆಯೇ ಬೀಳುವುದಿಲ್ಲ.

ಕೊಳವೆ ಬಾವಿಯಿಂದ ಆಗತಾನೆ ಬಂದ ನೀರನ್ನು ನೇರವಾಗಿ ಮೀನಿಗೆ ಬಿಡಬಾರದು. ಅದರಲ್ಲಿ ಪ್ರಾಣವಾಯು ಬಹಳ ಕಡಿಮೆ, ಇಂಗಾಲದ ಡೈಆಕ್ಸೈಡ್ ಹೆಚ್ಚು. ಕೆಲವೆಡೆ ಕಬ್ಬಿಣದ ಅಂಶವೂ ಇದ್ದು, ಗಾಳಿ ತಾಗಿದೊಡನೆ ಅದು ಕೆಂಪು ಕಸರಾಗಿ ಮೀನಿನ ಕಿವಿರಿಗೆ ಅಂಟುತ್ತದೆ. ಬೇರೆ ತೊಟ್ಟಿಗೆ ಎತ್ತರದಿಂದ ಬೀಳುವಂತೆ ತುಂಬಿಸಿ ಒಂದು ಹಗಲು ಒಂದು ರಾತ್ರಿ ಬಿಟ್ಟು, ಮೇಲಿನ ತಿಳಿಯನ್ನು ಬಳಸಬೇಕು. ರಸಸಾರ ನೋಡುವುದೂ ಹೀಗೆ ನಿಂತ ಮೇಲೆಯೇ. ಪಂಪಿನ ಬಾಯಲ್ಲಿ 7 ತೋರಿಸಿದ ನೀರು ಮರುದಿನ 8 ತೋರಿಸುವುದುಂಟು.

ನಲ್ಲಿ ನೀರಿನ ತೊಂದರೆ ಕ್ಲೋರಿನ್. ಪಂಚಾಯತಿಯ ಮೇಲ್ತೊಟ್ಟಿಗೆ ಬ್ಲೀಚಿಂಗ್ ಪುಡಿ ಹಾಕಿದ ದಿನ ವಾಸನೆ ಮೂಗಿಗೇ ಹೊಡೆಯುತ್ತದೆ, ಮಿಕ್ಕ ದಿನ ಏನೂ ಇರುವುದಿಲ್ಲ. ಆದುದರಿಂದ ‘ನಿನ್ನೆ ಬಿಟ್ಟಾಗ ಏನೂ ಆಗಲಿಲ್ಲ’ ಎಂಬುದು ಇಂದಿಗೆ ಭರವಸೆಯಲ್ಲ.

ಈಗ ಅನೇಕ ಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳಿವೆ. ಶುದ್ಧ ನೀರು ಎಂಬ ಹೆಸರು ಕೇಳಿ ಅದನ್ನೇ ತೊಟ್ಟಿಗೆ ತುಂಬುವವರಿದ್ದಾರೆ. ಆ ನೀರಿನಲ್ಲಿ ಲವಣಗಳನ್ನೆಲ್ಲ ಬಹುಮಟ್ಟಿಗೆ ತೆಗೆದಿರುವುದರಿಂದ ರಸಸಾರವನ್ನು ಹಿಡಿದು ನಿಲ್ಲಿಸುವ ಶಕ್ತಿಯೇ ಅದಕ್ಕಿಲ್ಲ. ಮಳೆನೀರೂ ಹಾಗೆಯೇ. ಗಡಸು ನೀರನ್ನು ಮೆದು ಮಾಡಲು ಅರ್ಧಕ್ಕರ್ಧ ಬೆರೆಸುವುದಕ್ಕೆ ಇವು ಬಹಳ ಒಳ್ಳೆಯವು, ಒಂಟಿಯಾಗಿ ಒಳ್ಳೆಯವಲ್ಲ.

ಹೊಸ ತೊಟ್ಟಿಯ ಕಾಯಿಲೆ

ಮೀನಿಗೆ ಹಾಕಿದ ಆಹಾರದ ಸಾರಜನಕದಲ್ಲಿ ಹೆಚ್ಚು ಪಾಲು ಕಿವಿರಿನ ಮೂಲಕ ಅಮೋನಿಯವಾಗಿ ನೀರಿಗೆ ಬರುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತರೂ ಅಮೋನಿಯವೇ. ಸ್ಥೂಲವಾಗಿ ಹೇಳುವುದಾದರೆ 100 ಗ್ರಾಂ ಆಹಾರದಿಂದ 3 ಗ್ರಾಂ ಅಮೋನಿಯ ಸಾರಜನಕ. 150 ಲೀಟರ್ ತೊಟ್ಟಿಗೆ ದಿನಕ್ಕೆ 5 ಗ್ರಾಂ ಆಹಾರ ಹಾಕಿದರೆ ಲೀಟರಿಗೆ ಒಂದು ಮಿಲಿಗ್ರಾಂನಂತೆ ದಿನದಿನವೂ ಅಮೋನಿಯ ಸೇರುತ್ತಾ ಹೋಗುತ್ತದೆ. ನೀರು ಮಾತ್ರ ಸ್ಫಟಿಕದಂತೆ ತಿಳಿಯಾಗಿಯೇ ಕಾಣುತ್ತಿರುತ್ತದೆ.

ಇದನ್ನು ತಿಂದು ಕರಗಿಸುವ ಸೂಕ್ಷ್ಮಾಣು ಜೀವಿಗಳು ಪ್ರಕೃತಿಯಲ್ಲಿವೆ. ರೈತರಿಗೆ ಇವು ಹೊಸಬರಲ್ಲ. ಹೊಲಕ್ಕೆ ಹಾಕಿದ ಯೂರಿಯ ಅಮೋನಿಯವಾಗಿ, ಅದು ನೈಟ್ರೈಟಾಗಿ, ಕೊನೆಗೆ ಬೆಳೆಯ ಬೇರು ಹೀರುವ ನೈಟ್ರೇಟಾಗಿ ಬದಲಾಗುವುದು ಇವುಗಳಿಂದಲೇ. ರಷ್ಯದ ವಿಜ್ಞಾನಿ ಸೆರ್ಗೆಯ್ ವಿನೊಗ್ರಾಡ್ಸ್ಕಿ 1890ರ ಸುಮಾರಿಗೆ ಮಣ್ಣಿನಲ್ಲಿ ಇವನ್ನು ಕಂಡುಹಿಡಿದರು. ಮೀನಿನ ತೊಟ್ಟಿಯಲ್ಲಿ ಎರಡನೆಯ ಹಂತದ ಕೆಲಸವನ್ನು ನೈಟ್ರೋಬ್ಯಾಕ್ಟರ್ ಮಾಡುತ್ತದೆಂದು ಬಹುಕಾಲ ನಂಬಲಾಗಿತ್ತು. ಹೆಚ್ಚಾಗಿ ನೈಟ್ರೋಸ್ಪೈರಾ ಎಂಬ ಬೇರೊಂದು ಗುಂಪು ಅದನ್ನು ಮಾಡುತ್ತದೆಂದು 1998ರಲ್ಲಿ ತಿಳಿದುಬಂತು. ಹೆಸರು ಯಾವುದಾದರೂ ಇರಲಿ, ಅವುಗಳ ಸ್ವಭಾವ ತಿಳಿದಿದ್ದರೆ ಸಾಕು. ಅವು ನೀರಿನಲ್ಲಿ ತೇಲಾಡುವುದಕ್ಕಿಂತ ಹೆಚ್ಚಾಗಿ ಸ್ಪಂಜು, ಜಲ್ಲಿ, ಗಾಜಿನ ಒಳಮೈಗೆ ಅಂಟಿಕೊಂಡು ಬದುಕುತ್ತವೆ. ಅವಕ್ಕೆ ಪ್ರಾಣವಾಯು ಬೇಕು. ಮತ್ತು ಅವು ಬಹಳ ನಿಧಾನವಾಗಿ ವೃದ್ಧಿಯಾಗುತ್ತವೆ. ನಮ್ಮ ಹವೆಯಲ್ಲಿ ಹೊಸ ತೊಟ್ಟಿಯೊಂದು ಹದಕ್ಕೆ ಬರಲು ನಾಲ್ಕರಿಂದ ಆರು ವಾರ ಬೇಕು. ಅರವತ್ತು ಮೀನುಗಳನ್ನು ಒಂದೇ ದಿನ ಬಿಟ್ಟ ರೈತರ ತೊಟ್ಟಿಯಲ್ಲಿ ಐದನೆಯ ದಿನಕ್ಕೆ ಇವು ಹೆಸರಿಗಷ್ಟೇ ಇದ್ದವು.

ಅಮೋನಿಯ ಎಷ್ಟಿದೆ ಎಂಬುದಕ್ಕಿಂತ ಅದು ಯಾವ ರೂಪದಲ್ಲಿದೆ ಎಂಬುದು ಇನ್ನೂ ಮುಖ್ಯ. ನೀರಿನಲ್ಲಿ ಅದರ ಒಂದು ಪಾಲು ಅಮೋನಿಯಂ ರೂಪದಲ್ಲಿರುತ್ತದೆ. ಇದರಿಂದ ಹೆಚ್ಚು ಅಪಾಯವಿಲ್ಲ. ಇನ್ನೊಂದು ಪಾಲು ಬಿಡಿ ಅಮೋನಿಯ, ಇದೇ ಕಿವಿರನ್ನು ಸುಡುವ ವಿಷ. 25 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ರಸಸಾರ 7 ಇದ್ದರೆ ಒಟ್ಟು ಅಮೋನಿಯದಲ್ಲಿ ಶೇಕಡ ಅರ್ಧದಷ್ಟು ಮಾತ್ರ ವಿಷರೂಪದಲ್ಲಿರುತ್ತದೆ. ರಸಸಾರ 8ಕ್ಕೆ ಏರಿದರೆ ಶೇಕಡ 5. ರಸಸಾರ 9ರಲ್ಲಿ ಶೇಕಡ 36. ಲೀಟರಿಗೆ 0.05 ಮಿಲಿಗ್ರಾಂ ಬಿಡಿ ಅಮೋನಿಯ ಮೀನಿಗೆ ತೊಂದರೆ ಕೊಡಲು ಸಾಕು. ಹೀಗಾಗಿ ಲೀಟರಿಗೆ ಒಂದು ಮಿಲಿಗ್ರಾಂ ಒಟ್ಟು ಅಮೋನಿಯ ಮಲೆನಾಡಿನ ಮೆದು ನೀರಿನಲ್ಲಿ ಮೀನಿಗೆ ಗೊತ್ತೇ ಆಗದಿರಬಹುದು. ಬಯಲುಸೀಮೆಯ ಕೊಳವೆ ಬಾವಿ ನೀರಿನಲ್ಲಿ ಅಷ್ಟರಿಂದಲೇ ಮೀನು ನರಳತೊಡಗುತ್ತವೆ.

ಬಿಸಿಲಿಗೆ ತೆರೆದ ಸಿಮೆಂಟು ತೊಟ್ಟಿಗಳಲ್ಲಿ ಇನ್ನೊಂದು ತೊಡಕಿದೆ. ನೀರು ಹಸಿರಾಗಿದ್ದರೆ ಪಾಚಿಯು ಹಗಲಿನಲ್ಲಿ ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುವುದರಿಂದ ರಸಸಾರ ಮಧ್ಯಾಹ್ನ ಮೂರರ ಹೊತ್ತಿಗೆ 9ರವರೆಗೂ ಏರಬಹುದು. ಬೆಳಗಿನ ಜಾವದಲ್ಲಿ ರಸಸಾರ ಇಳಿದು, ಆಗ ಪ್ರಾಣವಾಯುವಿನ ಕೊರತೆಯಾಗುತ್ತದೆ. ಬೆಳಿಗ್ಗೆ ಒಮ್ಮೆ ಮಾತ್ರ ಪರೀಕ್ಷಿಸಿದವರಿಗೆ ಮಧ್ಯಾಹ್ನದ ಅಪಾಯ ಕಾಣುವುದಿಲ್ಲ.

ಅಮೋನಿಯದ ನಂತರದ ಹಂತ ನೈಟ್ರೈಟ್. ಎರಡು ಮೂರನೆಯ ವಾರದಲ್ಲಿ ಇದು ಏರುತ್ತದೆ. ನೈಟ್ರೈಟ್ ರಕ್ತಕ್ಕೆ ಸೇರಿ ಪ್ರಾಣವಾಯು ಹೊರುವ ಶಕ್ತಿಯನ್ನು ಕೆಡಿಸುತ್ತದೆ, ಕಿವಿರು ಕಂದುಬಣ್ಣಕ್ಕೆ ತಿರುಗುತ್ತದೆ. ಅತಿಯಾಗಿ ಯೂರಿಯ ಉಂಡ ಹಸಿರು ಮೇವು ತಿಂದು ನೈಟ್ರೇಟ್ ವಿಷವೇರಿದ ದನದ ರಕ್ತ ಚಾಕಲೇಟಿನ ಬಣ್ಣಕ್ಕೆ ತಿರುಗುವುದೂ ಇದೇ ಕಾರಣದಿಂದ. ಇದಕ್ಕೆ ಅಗ್ಗದ ಉಪಾಯವೆಂದರೆ ಉಪ್ಪು. ಉಪ್ಪಿನ ಕ್ಲೋರೈಡು ಕಿವಿರಿನಲ್ಲಿ ನೈಟ್ರೈಟಿಗೆ ದಾರಿ ಬಿಡುವುದಿಲ್ಲ. ಲೀಟರಿಗೆ ಒಂದು ಗ್ರಾಂ ಕಲ್ಲುಪ್ಪು ಧಾರಾಳವಾಗಿ ಸಾಕು.

ಹಾಗಾದರೆ ಹೊಸ ತೊಟ್ಟಿಯನ್ನು ಹದಗೊಳಿಸುವುದು ಹೇಗೆ? ಮೊದಲು ನಾಲ್ಕೈದು ಗಟ್ಟಿ ಮೀನು ಮಾತ್ರ ಬಿಟ್ಟು, ಐದು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರವನ್ನು ದಿನಕ್ಕೊಮ್ಮೆ ಕೊಡಬೇಕು. ಎರಡು ದಿನಕ್ಕೊಮ್ಮೆ ಕಾಲುಭಾಗ ನೀರು ಬದಲಿಸಬೇಕು. ಎಲ್ಲಕ್ಕಿಂತ ಒಳ್ಳೆಯ ದಾರಿಯೆಂದರೆ ರೋಗವಿಲ್ಲದ ಹಳೆಯ ತೊಟ್ಟಿಯೊಂದರಿಂದ ಬಳಸಿದ ಸ್ಪಂಜು ಅಥವಾ ಎರಡು ಹಿಡಿ ಜಲ್ಲಿಯನ್ನು ಒದ್ದೆಯಾಗಿಯೇ ತಂದು ಹಾಕುವುದು. ಇದು ಮೊಸರಿಗೆ ಹೆಪ್ಪು ಹಾಕಿದಂತೆ. ಆರು ವಾರದ ಕೆಲಸ ಒಂದೆರಡು ವಾರದಲ್ಲಿ ಮುಗಿಯುತ್ತದೆ. ಅಂಗಡಿಯ ಬ್ಯಾಕ್ಟೀರಿಯ ಸೀಸೆಗಳಲ್ಲಿ ಕೆಲವು ಕೆಲಸ ಮಾಡುತ್ತವೆ. ಬಿಸಿಲಿನ ಅಂಗಡಿಯಲ್ಲಿ ವರ್ಷಗಟ್ಟಲೆ ಕುಳಿತ ಸೀಸೆಯಲ್ಲಿ ಜೀವವಿರುವುದನ್ನು ನಿರೀಕ್ಷಿಸಲಾಗದು. ನೆರೆಯವರ ಕೊಳೆ ಸ್ಪಂಜನ್ನೇ ನಾವು ಹೆಚ್ಚು ನಂಬುತ್ತೇವೆ. ಆ ಸ್ಪಂಜನ್ನು ತೊಳೆಯಬೇಕಾದಾಗ ತೊಟ್ಟಿಯಿಂದಲೇ ತೆಗೆದ ನೀರಿನಲ್ಲಿ ಹಿಂಡಿ ತೊಳೆಯಬೇಕು. ನಲ್ಲಿ ನೀರಿಗೆ ಹಿಡಿದರೆ ಕ್ಲೋರಿನ್ ಎಲ್ಲವನ್ನೂ ಕೊಂದುಬಿಡುತ್ತದೆ. ವಿದ್ಯುತ್ ಹೋಗಿ ಗಾಳಿ ಪಂಪು ಗಂಟೆಗಟ್ಟಲೆ ನಿಂತಾಗಲೂ ಇವು ಉಸಿರುಕಟ್ಟಿ ಸಾಯುತ್ತವೆ. ಬ್ಯಾಟರಿಯ ಸಣ್ಣ ಗಾಳಿ ಪಂಪೊಂದು ಯಾವ ಔಷಧಿಗಿಂತಲೂ ಹೆಚ್ಚು ಮೀನು ಉಳಿಸೀತು.

ರಸಸಾರ ಬೇರೆ, ಕ್ಷಾರತೆ ಬೇರೆ

ರಸಸಾರ ಎಂಬುದು ಇಂದಿನ ಅಳತೆ. ಕ್ಷಾರತೆ ಎಂಬುದು ಆ ಅಳತೆಯನ್ನು ಕಾಯುವ ಕಣಜ. ನೀರಿನಲ್ಲಿರುವ ಬೈಕಾರ್ಬೊನೇಟಿನ ದಾಸ್ತಾನನ್ನೇ ಕ್ಷಾರತೆ ಎನ್ನುತ್ತೇವೆ. ಅಮೋನಿಯವನ್ನು ನೈಟ್ರೇಟು ಮಾಡುವಾಗ ಬ್ಯಾಕ್ಟೀರಿಯಗಳು ಆಮ್ಲವನ್ನು ಹೊರಬಿಡುವುದರಿಂದ ಪ್ರತಿ ಮಿಲಿಗ್ರಾಂ ಅಮೋನಿಯ ಸಾರಜನಕಕ್ಕೆ ಸುಮಾರು 7 ಮಿಲಿಗ್ರಾಂ ಕ್ಷಾರತೆ ಖರ್ಚಾಗುತ್ತದೆ. ನಮ್ಮ 150 ಲೀಟರ್ ತೊಟ್ಟಿಯಲ್ಲಿ ದಿನಕ್ಕೆ ಲೀಟರಿಗೆ 7 ಮಿಲಿಗ್ರಾಂ ಕಳೆಯಿತು. ಕೊಳವೆ ಬಾವಿ ನೀರಿನ ಕ್ಷಾರತೆ 300 ಇದ್ದರೆ ತಿಂಗಳು ಕಳೆದರೂ ಕಣಜ ಬರಿದಾಗದು. ಮುರಕಲ್ಲಿನ ಬಾವಿ ನೀರಿನಲ್ಲಿ 20 ಇದ್ದರೆ ಮೂರೇ ದಿನದಲ್ಲಿ ಖಾಲಿ! ಆಗ ರಸಸಾರ 6ಕ್ಕೂ ಕೆಳಗೆ ಕುಸಿಯುತ್ತದೆ, ಬ್ಯಾಕ್ಟೀರಿಯಗಳ ಕೆಲಸ ನಿಲ್ಲುತ್ತದೆ, ಅಮೋನಿಯ ಮತ್ತೆ ಶೇಖರವಾಗುತ್ತದೆ. ಮಲೆನಾಡಿನ ಸಾಕಣೆದಾರರು ‘ಎರಡು ವಾರ ಚೆನ್ನಾಗಿದ್ದವು, ಆಮೇಲೆ ಏನಾಯಿತೋ’ ಎನ್ನುವುದರ ಹಿಂದೆ ಬಹುತೇಕ ಇದೇ ಇರುತ್ತದೆ.

ಪರಿಹಾರ ಅಡಿಗೆಮನೆಯಲ್ಲಿದೆ. ಅಡಿಗೆ ಸೋಡವೇ ಸೋಡಿಯಂ ಬೈಕಾರ್ಬೊನೇಟ್. 100 ಲೀಟರ್ ನೀರಿಗೆ 8.4 ಗ್ರಾಂ ಹಾಕಿದರೆ ಕ್ಷಾರತೆ ಲೀಟರಿಗೆ 50 ಮಿಲಿಗ್ರಾಂನಷ್ಟು ಏರುತ್ತದೆ. ನಮ್ಮ ತೊಟ್ಟಿಗೆ 12 ರಿಂದ 13 ಗ್ರಾಂ ಬೇಕಾಯಿತು. ಅದನ್ನು ಒಂದೇ ಸಲ ಸುರಿಯದೆ ಮೂರು ದಿನಕ್ಕೆ ಹಂಚಿ, ಒಂದು ಚೊಂಬು ನೀರಿನಲ್ಲಿ ಕರಗಿಸಿ ಹಾಕತಕ್ಕದ್ದು. ಅಮೋನಿಯ ಈಗಾಗಲೇ ಶೇಖರವಾಗಿದ್ದರೆ ಮೊದಲು ಕಾಲುಭಾಗ ನೀರು ಬದಲಿಸಿ, ನಂತರ ಸೋಡ. ಇಲ್ಲವಾದರೆ ರಸಸಾರ ಏರಿದೊಡನೆ ನಿರುಪದ್ರವಿಯಾಗಿದ್ದ ಅಮೋನಿಯಂ ವಿಷವಾಗಿ ತಿರುಗೀತು. ವಾರಕ್ಕೊಮ್ಮೆ ಹಾಕುವ ಶ್ರಮ ಬೇಡವೆನ್ನುವವರು ಕಪ್ಪೆಚಿಪ್ಪಿನ ಚೂರುಗಳನ್ನು ಬಟ್ಟೆಯಲ್ಲಿ ಕಟ್ಟಿ ಫಿಲ್ಟರಿನ ಹತ್ತಿರ ಇಡಬಹುದು. ನೀರು ಹುಳಿಯಾದಂತೆಲ್ಲ ಅದು ತಾನಾಗಿ ಕರಗುತ್ತದೆ. ಸುಟ್ಟ ಸುಣ್ಣವನ್ನು ಮಾತ್ರ ಮೀನಿರುವ ತೊಟ್ಟಿಗೆ ಎಂದಿಗೂ ಹಾಕಬಾರದು. ಮೀನು ಬಿಡುವ ಮುಂಚೆ ಕೆರೆ ಹೊಂಡಗಳಿಗೆ ಹಾಕುವ ವಾಡಿಕೆಯನ್ನು ಇಲ್ಲಿಗೆ ತರಬಾರದು.

ಬಯಲುಸೀಮೆಯವರ ತಪ್ಪು ಇದಕ್ಕೆ ವಿರುದ್ಧವಾದುದು. ರಸಸಾರ 8.2 ಇದೆಯೆಂದು ಹೆದರಿ ಅದನ್ನು ಇಳಿಸುವ ಸೀಸೆ ಹಾಕುತ್ತಾರೆ. ಸೀಸೆಯೊಳಗಿರುವುದು ಆಮ್ಲ. ಆಮ್ಲ ಬಿದ್ದೊಡನೆ ಬೈಕಾರ್ಬೊನೇಟು ಇಂಗಾಲದ ಡೈಆಕ್ಸೈಡನ್ನು ಬಿಡುತ್ತದೆ, ರಸಸಾರ 7ಕ್ಕೆ ಇಳಿದಂತೆ ತೋರುತ್ತದೆ. ಆ ಅನಿಲ ಗಾಳಿಗೆ ಹೋದಮೇಲೆ ಮರುದಿನ ಮತ್ತೆ 8ರ ಹತ್ತಿರ. ಮತ್ತೆ ಸೀಸೆ. ಹೀಗೆ ದಿನವೂ ಮೇಲೆ ಕೆಳಗೆ ಎಳೆದಾಡುವುದಕ್ಕಿಂತ 8.2ರಲ್ಲಿ ನಿಂತಿರುವ ನೀರೇ ಮೀನಿಗೆ ಹಿತ. ಮೋಲಿ ಗಪ್ಪಿಗಳಿಗೆ 8.2 ಯಾವ ತೊಂದರೆಯೂ ಅಲ್ಲ. ಮೆದು ನೀರೇ ಬೇಕೆಂದಿದ್ದರೆ ಮಳೆನೀರು ಅಥವಾ ಶುದ್ಧೀಕರಣ ಘಟಕದ ನೀರು ಬೆರೆಸಿ ಕಣಜವನ್ನೇ ತಗ್ಗಿಸಬೇಕು. ಹೀಗೆ ಮೆದುಗೊಳಿಸಿದ ನೀರಿಗೆ ಒಣಗಿ ಉದುರಿದ ಕಾಡುಬಾದಾಮಿ ಎಲೆ ಒಂದೆರಡು ಹಾಕಿದರೆ ನೀರು ಚಹದ ಬಣ್ಣಕ್ಕೆ ಬಂದು ಸ್ವಲ್ಪ ಹುಳಿಯಾಗುತ್ತದೆ. ಫೈಟರ್ ಮೀನಿನವರು ಇದನ್ನು ಬಹಳ ಮೆಚ್ಚುತ್ತಾರೆ.

ಕ್ಷಾರತೆ ತಿಳಿಯಲು ಹೊಸ ಪರೀಕ್ಷೆಯೇ ಬೇಕೆಂದಿಲ್ಲ. ಕೃಷಿ ವಿಜ್ಞಾನ ಕೇಂದ್ರದಲ್ಲಿಯೋ ಮಣ್ಣು ಪರೀಕ್ಷಾ ಪ್ರಯೋಗಾಲಯದಲ್ಲಿಯೋ ನೀರಾವರಿ ನೀರನ್ನು ಪರೀಕ್ಷೆ ಮಾಡಿಸಿದ ವರದಿ ಮನೆಯಲ್ಲಿದ್ದರೆ ಅದನ್ನು ತೆಗೆದು ನೋಡಬೇಕು. ಅದರಲ್ಲಿ ಬೈಕಾರ್ಬೊನೇಟ್ ಲೀಟರಿಗೆ ಇಷ್ಟು ಮಿಲಿ ಈಕ್ವಿವಲೆಂಟ್ ಎಂದಿರುತ್ತದೆ. ಅದನ್ನು 50ರಿಂದ ಗುಣಿಸಿದರೆ ಕ್ಷಾರತೆ ಬಂತು. 6 ಎಂದಿದ್ದರೆ 300. ಕಾರ್ಬೊನೇಟ್ ಅಂಶವೂ ಬರೆದಿದ್ದರೆ ಅದನ್ನೂ ಸೇರಿಸಿ ಗುಣಿಸಬೇಕು. ಸುಣ್ಣ ಮತ್ತು ಮೆಗ್ನೀಸಿಯಂ ಮೊತ್ತವನ್ನು ಹೀಗೆಯೇ 50ರಿಂದ ಗುಣಿಸಿದರೆ ಗಡಸುತನ.

ಸಿಮೆಂಟು ತೊಟ್ಟಿ ಹೊಸದಾಗಿದ್ದರೆ ಗಾರೆಯ ಸುಣ್ಣ ನೀರಿಗಿಳಿದು ರಸಸಾರ 10ನ್ನೂ ದಾಟುತ್ತದೆ. ಎರಡು ಮೂರು ವಾರ ನೀರು ತುಂಬಿಸುವುದು, ಚೆಲ್ಲುವುದು ಮಾಡಬೇಕು. ಬಾಳೆದಿಂಡನ್ನು ತುಂಡು ಮಾಡಿ ಹಾಕಿ ಕೊಳೆಯಿಸಿದರೆ ಕೆಲಸ ಬೇಗನಾಗುತ್ತದೆ. ನಂತರ ಚೆನ್ನಾಗಿ ತೊಳೆದು, ತುಂಬಿಸಿದ ನೀರು ಎರಡು ದಿನ ನಿಂತಮೇಲೂ ರಸಸಾರ 8.5ರೊಳಗಿದ್ದರೆ ಮೀನು ಬಿಡಬಹುದು.

ಯಾವ ರಾಸಾಯನಿಕ, ಎಷ್ಟು?

ಹೈಪೋ: ಸೋಡಿಯಂ ಥಯೋಸಲ್ಫೇಟ್. ಹಿಂದೆ ಫೋಟೋ ಸ್ಟುಡಿಯೋದವರಲ್ಲಿ ಸಿಗುತ್ತಿದ್ದ ಹರಳು, ಈಗ ರಾಸಾಯನಿಕ ಸಾಮಗ್ರಿಯ ಅಂಗಡಿಗಳಲ್ಲಿ ಸಿಗುತ್ತದೆ. ಕ್ಲೋರಿನ್ ತೆಗೆಯುವ ಬೆಲೆಬಾಳುವ ಸೀಸೆಗಳಲ್ಲಿ ಅನೇಕವುಗಳ ಸಾರ ಇದೇ. 100 ಗ್ರಾಂ ಹರಳನ್ನು ನೀರಿನಲ್ಲಿ ಕರಗಿಸಿ ಒಂದು ಲೀಟರ್ ದ್ರಾವಣ ಮಾಡಿಟ್ಟುಕೊಂಡರೆ ಪ್ರತಿ 10 ಲೀಟರ್ ನಲ್ಲಿ ನೀರಿಗೆ ಒಂದು ಮಿಲಿಲೀಟರ್ ಸಾಕು. ಕ್ಲೋರಿನ್ ವಾಸನೆ ಬಲವಾಗಿದ್ದರೆ ಎರಡು. ನೀರನ್ನು ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ಬಿಸಿಲಿಗೆ ಇಟ್ಟರೂ ಕ್ಲೋರಿನ್ ಹೋಗುತ್ತದೆ. ಅವಸರವಿಲ್ಲದವರಿಗೆ ಹೈಪೋವೂ ಬೇಡ.

ಉಪ್ಪು: ಬಿಳಿ ಚುಕ್ಕೆ ರೋಗಕ್ಕೆ ಲೀಟರಿಗೆ 2 ರಿಂದ 3 ಗ್ರಾಂ, ಎರಡು ಮೂರು ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ. ಮೋಲಿ, ಗಪ್ಪಿಗಳು ಇದನ್ನು ಸುಲಭವಾಗಿ ತಾಳುತ್ತವೆ. ಜಲಸಸ್ಯಗಳು ಮತ್ತು ಹುರುಪೆಯಿಲ್ಲದ ಮೀನುಗಳು ತಾಳಲಾರವು. ಆವಿಯಾದ ನೀರನ್ನು ತುಂಬುವಾಗ ಮತ್ತೆ ಉಪ್ಪು ಹಾಕಬಾರದು, ಏಕೆಂದರೆ ಆವಿಯಾಗುವುದು ನೀರು ಮಾತ್ರ. ಅಮೋನಿಯ ಹೀರಲು ಜಿಯೋಲೈಟ್ ಕಲ್ಲು ಹಾಕಿದ್ದರೆ ಉಪ್ಪು ಹಾಕುವ ಮುಂಚೆ ಅದನ್ನು ಹೊರತೆಗೆಯಬೇಕು. ಉಪ್ಪು ಸೋಕಿದರೆ ಕಲ್ಲು ಹೀರಿದ್ದನ್ನೆಲ್ಲ ಮರಳಿ ನೀರಿಗೆ ಬಿಡುತ್ತದೆ.

ಪೊಟ್ಯಾಸಿಯಂ ಪರ್ಮಾಂಗನೇಟ್: ಒಂದು ಗ್ರಾಂ ಹರಳನ್ನು ಒಂದು ಲೀಟರಿನಲ್ಲಿ ಕರಗಿಸಿ, ಲೀಟರ್ ನೀರಿಗೆ ಆ ದ್ರಾವಣ 2 ಮಿಲಿಲೀಟರ್. ಬೇರೆ ಟಬ್ಬಿನಲ್ಲಿಯೇ ಮಾಡಬೇಕು, ಮೀನಿನ ಹತ್ತಿರವೇ ಇದ್ದು ನೋಡುತ್ತಿರಬೇಕು. ಹೊಸದಾಗಿ ತಂದ ಮೀನಿನ ಮೈಮೇಲಿನ ಪರೋಪಜೀವಿಗಳಿಗೆ ಇದು ಒಳ್ಳೆಯದು. ಹರಳುಗಳನ್ನು ನೇರವಾಗಿ ತೊಟ್ಟಿಗೆ ಉದುರಿಸಿದರೆ ಮೀನು ತಿನಿಸೆಂದು ನುಂಗಿ ಸಾಯುವುದುಂಟು.

ಮೆಥಿಲೀನ್ ಬ್ಲೂ: ಮೊಟ್ಟೆಗಳಿಗೆ ಬೂಷ್ಟು ಹಿಡಿಯದಂತೆ ಲೀಟರಿಗೆ 1 ರಿಂದ 2 ಮಿಲಿಗ್ರಾಂ. ಇದೂ ಬೇರೆ ಪಾತ್ರೆಯಲ್ಲಿ. ತೊಟ್ಟಿಗೇ ಹಾಕಿದರೆ ವಾರಗಟ್ಟಲೆ ಬೆಳೆಸಿದ ಬ್ಯಾಕ್ಟೀರಿಯ ಹಾಳಾಗಿ ಹೊಸ ತೊಟ್ಟಿಯ ಸ್ಥಿತಿಗೆ ಮರಳುತ್ತೀರಿ. ಕಾರಣ ತಿಳಿಯದೆ ಹಾಕುವ ರೋಗಾಣುನಾಶಕ ಔಷಧಿಗಳಿಂದಲೂ ಇದೇ ಅಪಾಯ.

ಮೈಲುತುತ್ತ: ಬೋರ್ಡೋ ದ್ರಾವಣಕ್ಕೆಂದು ತಂದದ್ದು ಮನೆಯಲ್ಲಿರುತ್ತದೆ, ಪಾಚಿ ಕಂಡೊಡನೆ ಅದರ ನೆನಪಾಗುತ್ತದೆ. ಇದರ ವಿಷ ನೀರಿನ ಕ್ಷಾರತೆಯನ್ನು ಅವಲಂಬಿಸಿದೆ. ಕೊಳಗಳಲ್ಲಿ ಕ್ಷಾರತೆಯನ್ನು 100ರಿಂದ ಭಾಗಿಸಿದಷ್ಟು ಮಿಲಿಗ್ರಾಂ ಲೀಟರಿಗೆ ಎಂಬ ನಿಯಮವಿದೆ. ಕ್ಷಾರತೆ 50ಕ್ಕಿಂತ ಕಡಿಮೆಯಿದ್ದರೆ ಮುಟ್ಟಲೇಬಾರದು. ಮನೆಯ ತೊಟ್ಟಿಗೆ ಇದು ಬೇಡವೆಂದೇ ನಮ್ಮ ಸಲಹೆ. ತೊಟ್ಟಿಗೆ ನೆರಳು ಮಾಡಿ, ಆಹಾರ ಕಡಿಮೆ ಮಾಡಿದರೆ ಪಾಚಿ ತಾನಾಗಿ ತಗ್ಗುತ್ತದೆ.

ಪಟಿಕ: ಕದಡಿದ ನೀರು ತಿಳಿಯಾಗುತ್ತದೆ ನಿಜ, ಆದರೆ ಕ್ಷಾರತೆಯನ್ನು ತಿನ್ನುತ್ತದೆ. ಮೆದು ನೀರಿಗೆ ಹಾಕಿದರೆ ರಸಸಾರ ಕುಸಿಯುತ್ತದೆ. ಬಳಸುವುದಾದರೆ ಮೀನಿಲ್ಲದ ತೊಟ್ಟಿಯಲ್ಲಿ ತಿಳಿಮಾಡಿ ನಂತರ ತುಂಬಿಸಬೇಕು.

ಅಮೋನಿಯವನ್ನು ‘ಕಟ್ಟುವ’ ದ್ರಾವಣಗಳು ದೂರ ಸಾಗಣೆಗೂ ಆಪತ್ತಿನ ಒಂದೆರಡು ದಿನಕ್ಕೂ ಉಪಯೋಗಕ್ಕೆ ಬರುತ್ತವೆ. ಅವನ್ನು ಹಾಕಿದ ಮೇಲೆ ಕೆಲವು ಬಗೆಯ ಪರೀಕ್ಷಾ ಹನಿಗಳು ತಪ್ಪು ಲೆಕ್ಕ ತೋರಿಸುತ್ತವೆ ಎಂಬುದು ನೆನಪಿರಲಿ.

ಇವೆಲ್ಲಕ್ಕಿಂತ ರೈತರ ಮನೆಯಲ್ಲಿ ಹೆಚ್ಚು ಮೀನು ಕೊಲ್ಲುವುದು ಬೇರೊಂದು ರಾಸಾಯನಿಕ. ಕೀಟನಾಶಕ ಕಲಸಿದ ಬಕೆಟ್ಟಿನಲ್ಲಿ ತಂದ ನೀರು, ಔಷಧಿ ಹೊಡೆದು ಬಂದ ಕೈಯಿಂದ ಹಾಕಿದ ಆಹಾರ, ತೊಟ್ಟಿಯಿರುವ ಕೋಣೆಯಲ್ಲಿ ಹೊಡೆದ ಸೊಳ್ಳೆ ಔಷಧಿ. ಈಗಿನ ಪೈರೆಥ್ರಾಯ್ಡ್ ಗುಂಪಿನ ಔಷಧಿಗಳು ಮನುಷ್ಯರಿಗೆ ಅಷ್ಟಾಗಿ ತೊಂದರೆ ಕೊಡದಿದ್ದರೂ ಮೀನಿಗೆ ಘೋರ ವಿಷ. ಮೀನಿಗೆಂದೇ ಬೇರೆ ಬಣ್ಣದ ಒಂದು ಬಕೆಟ್ಟು ಇಟ್ಟುಕೊಳ್ಳಿ.

ನೀರು ಬದಲಿಸುವುದು, ಮೀನು ಸಾಗಿಸುವುದು

ಹದಗೊಂಡ ತೊಟ್ಟಿಗೆ ವಾರಕ್ಕೊಮ್ಮೆ ನಾಲ್ಕನೆಯ ಒಂದು ಭಾಗ ನೀರು ಬದಲಿಸಿದರೆ ನೈಟ್ರೇಟು ಏರುವುದಿಲ್ಲ, ಕ್ಷಾರತೆಯೂ ತುಂಬಿಕೊಳ್ಳುತ್ತದೆ. ತೆಗೆದ ನೀರನ್ನು ತರಕಾರಿ ಮಡಿಗೆ ಬಿಡಬಹುದು, ಉಪ್ಪು ಹಾಕಿದ್ದನ್ನು ಬಿಡಬಾರದು. ಬಹುದಿನ ಬದಲಿಸದೆ ಬಿಟ್ಟ ತೊಟ್ಟಿಯನ್ನು ಒಂದು ಭಾನುವಾರ ಪೂರ್ತಿ ಖಾಲಿ ಮಾಡಿ ಹೊಸ ನೀರು ತುಂಬುವುದು ಅತ್ಯಂತ ಅಪಾಯಕರ. ಅಂತಹ ತೊಟ್ಟಿಯ ರಸಸಾರ 6ಕ್ಕೆ ಇಳಿದಿರುತ್ತದೆ, ಮೀನು ನಿಧಾನವಾಗಿ ಅದಕ್ಕೆ ಹೊಂದಿಕೊಂಡಿರುತ್ತವೆ. ದಿನಕ್ಕೆ ಹತ್ತನೆಯ ಒಂದು ಭಾಗದಂತೆ ಒಂದು ವಾರ ಬದಲಿಸಿ ಹಾದಿಗೆ ತರಬೇಕು.

ಅಂಗಡಿಗೆ ಮೀನು ಕೊಡುವವರು ಸಾಗಿಸುವ ಹಿಂದಿನ ದಿನ ಆಹಾರ ನಿಲ್ಲಿಸಬೇಕು. ಪ್ರಾಣವಾಯು ತುಂಬಿ ಕಟ್ಟಿದ ಪಾಲಿಥೀನ್ ಚೀಲದಲ್ಲಿ ಮೀನಿನ ಉಸಿರಿನ ಇಂಗಾಲದ ಡೈಆಕ್ಸೈಡಿನಿಂದ ರಸಸಾರ ಇಳಿದಿರುತ್ತದೆ. ಅದರಿಂದಲೇ ಶೇಖರವಾದ ಅಮೋನಿಯ ವಿಷವಾಗದೆ ಉಳಿದಿರುತ್ತದೆ. ದೂರದಿಂದ ಬಂದ ಚೀಲವನ್ನು ಬಿಚ್ಚಿ, ಗಾಳಿಕಲ್ಲು ಹಾಕಿ, ಗಂಟೆಗಟ್ಟಲೆ ಹೊಸ ನೀರು ಬೆರೆಸುತ್ತಾ ಕುಳಿತರೆ ರಸಸಾರ ಏರಿ ಮೀನು ಅದೇ ಚೀಲದಲ್ಲಿ ಸುಡುತ್ತವೆ. ಚೀಲವನ್ನು ಬಿಚ್ಚದೆ ಕಾಲು ಗಂಟೆ ತೊಟ್ಟಿಯಲ್ಲಿ ತೇಲಬಿಟ್ಟು ಶಾಖ ಸಮವಾದ ಮೇಲೆ ಬಿಚ್ಚಿ, ಮೀನನ್ನು ಬಲೆಯಿಂದ ಎತ್ತಿ ತೊಟ್ಟಿಗೆ ಬಿಡಬೇಕು. ಚೀಲದ ನೀರನ್ನು ತೊಟ್ಟಿಗೆ ಸುರಿಯಬಾರದು. ಇಂತಹ ಮೀನು ಬಿಡುವ ತೊಟ್ಟಿಯ ನೀರಿನ ಗುಣ ಅವು ಬಂದ ಊರಿನ ನೀರಿಗೆ ಹತ್ತಿರವಾಗಿರಬೇಕು. ಮಾರುವವರು ತಮ್ಮ ನೀರಿನ ರಸಸಾರ, ಗಡಸುತನಗಳನ್ನು ಚೀಟಿಯಲ್ಲಿ ಬರೆದು ಚೀಲಕ್ಕೆ ಅಂಟಿಸಿ ಕಳಿಸಿದರೆ ಕೊಳ್ಳುವ ಅಂಗಡಿಯವರು ಮತ್ತೆ ಅವರಲ್ಲಿಗೇ ಬರುತ್ತಾರೆ.

ಸೀಸೆಗಳನ್ನು ತಂದಿದ್ದ ರೈತರು ಉಳಿದ ಒಂಬತ್ತು ಮೀನುಗಳನ್ನೇ ಇಟ್ಟುಕೊಂಡು, ಪೇಟೆಯ ಪರಿಚಯದವರೊಬ್ಬರ ತೊಟ್ಟಿಯಿಂದ ಹಳೆಯ ಸ್ಪಂಜೊಂದನ್ನು ತಂದು ಹಾಕಿದರು. ಅವರ ನೀರಾವರಿ ನೀರಿನ ವರದಿಯಲ್ಲಿ ಬೈಕಾರ್ಬೊನೇಟ್ 5.8 ಎಂದಿತ್ತು. ಅಡಿಗೆ ಸೋಡವೂ ಬೇಕಾಗಲಿಲ್ಲ, ರಸಸಾರ ಇಳಿಸುವುದೂ ಬೇಕಾಗಲಿಲ್ಲ. ನೈಟ್ರೈಟು ಏರಿದ ವಾರ 150 ಗ್ರಾಂ ಕಲ್ಲುಪ್ಪು ಹಾಕಿದರು. ಮೋಲಿಗಳು ಮರಿ ಹಾಕಿದ ಮೇಲೆ ಹಿತ್ತಲಿನಲ್ಲಿ ಎರಡು ಸಿಮೆಂಟು ತೊಟ್ಟಿ ಕಟ್ಟಿಸಿದ್ದಾರೆ. ನಾವು ಹೋದಾಗ ಅವುಗಳಲ್ಲಿ ಬಾಳೆದಿಂಡು ಕೊಳೆಯುತ್ತಿತ್ತು.